ಎಸ್ಪೆನ್ ಬಾಯಿಯ ಬಿಳಿ

ಮಾರ್ಚ್ 18, ಬುಧವಾರ. ಬೆಳಿಗ್ಗೆ 9.40

ಅರ್ಧ ಮಳೆ, ಅರ್ಧ ಹಿಮ. ತಳ್ಳುಗಾಡಿಯ ಮುಂದಿನ ಚಕ್ರ ಚರ್ಚಿನ ತಿರುವಿನಲ್ಲಿ ಎರಡು ಸಲ ಸಿಕ್ಕಿಕೊಂಡಿತು. ಎಸ್ಪೆನ್ ಏಳಲಿಲ್ಲ. ಗಾಡಿ ಈಗ ಹೊರಗೆ, ಬಾಗಿಲ ಮುಂದಿನ ಸೂರಿನ ಕೆಳಗೆ. ಉಣ್ಣೆ ಟೋಪಿಯೊಳಗಿಂದ ಮೂಗು ಮಾತ್ರ ಕಾಣುತ್ತಿದೆ. ಅತ್ತರೆ ಕೇಳಲಿ ಎಂದು ಕಿಟಕಿ ತೆರೆದಿಟ್ಟಿದ್ದೇನೆ.

ಒಂದು ವಾರದಿಂದ ಇದೇ ಕ್ರಮ. ಒಂಬತ್ತಕ್ಕೆ ತಂಗಿ ಸುನ್ನಿವಾ ಮನೆಗೆ ಹೋಗುವುದು, ಅವಳ ಮಗುವನ್ನು ಇಲ್ಲಿಗೆ ತರುವುದು, ಹನ್ನೊಂದಕ್ಕೆ ವಾಪಸ್ ಬಿಡುವುದು. ಅವಳಿಗೆ ನಿದ್ದೆ ಬೇಕು. ಹೆರಿಗೆ ಆಪರೇಷನ್ನಿನ ಹೊಲಿಗೆ ಇನ್ನೂ ಒಸರುತ್ತಿದೆ. ಎರಡನೇ ಸುತ್ತು ಆಂಟಿಬಯಾಟಿಕ್. ಅವಳ ಗಂಡ ಫ್ರೋಡೆಗೆ ಮೀನಿನ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ.

"ನೀನಿಲ್ದಿದ್ರೆ ಸತ್ತೇ ಹೋಗ್ತಿದ್ದೆ ಕಣೇ," ಎಂದಳು ಬಾಗಿಲಲ್ಲಿ. ಎಂದ ಕೂಡಲೇ ಮುಖ ಬಿಳಿಚಿಕೊಂಡಿತು. ನನ್ನೆದುರು ಈಗ ಆ ಪದವನ್ನು ಯಾರೂ ಆಡುವುದಿಲ್ಲ.

ನಾಳೆಗೆ ಎರಡು ತಿಂಗಳು. ಮಾರೆನ್. ಮೂವತ್ತೊಂಬತ್ತು ವಾರ ಹೊಟ್ಟೆಯಲ್ಲಿದ್ದಳು. ಉಸಿರಾಡದೆ ಬಂದಳು. ಅಷ್ಟೇ ಬರೆಯಬಲ್ಲೆ.

ಮೂರನೆಯ ದಿನ ಹಾಲು ಬಂತು. ದೇಹಕ್ಕೆ ಯಾರೂ ಸುದ್ದಿ ಹೇಳಿರಲಿಲ್ಲ. ಹಾಲು ನಿಲ್ಲಲು ಮಾತ್ರೆ ಕೊಟ್ಟರು. ನುಂಗಲಿಲ್ಲ. ಮಾರೆನ್‌ಗೆಂದು ಕೊಂಡಿದ್ದ ಪಂಪ್ ಕಪಾಟಿನಲ್ಲಿತ್ತು. ನೋವು ತಾಳದೆ ಮೊದಲ ಸಲ ತೆಗೆದೆ. ಆಮೇಲೆ ನೋವಿಲ್ಲದಿದ್ದರೂ ತೆಗೆದೆ. ದಿನಕ್ಕೆ ನಾಲ್ಕು ಸಲ ಹಿಂಡಿ ಸಿಂಕಿಗೆ ಸುರಿಯುತ್ತೇನೆ. ಆರ್ವಿಡ್‌ಗೆ ಗೊತ್ತಿಲ್ಲ. ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಎಂಟು ವಾರ, ಮನೆಯಲ್ಲಿ ಎಂಟು ವಾರ — ಅದು ನನ್ನ ಗಂಡನ ಲೆಕ್ಕ. ಕಳೆದ ಗುರುವಾರ ಹೋದ. ಹೋಗುವಾಗ, ಎದೆಯೆಲ್ಲ ಸರಿಹೋಯ್ತಾ ಎಂದು ಕೇಳಿದ. ಬತ್ತಿತು ಎಂದೆ.

ಎಸ್ಪೆನ್ ಅತ್ತ ಹಾಗೆ ಕೇಳಿಸಿತು.


ಮಾರ್ಚ್ 20, ಶುಕ್ರವಾರ

ಮಾಡಿಬಿಟ್ಟೆ.

ಬಾಟಲಿ ಹಿಡಿಯಲಿಲ್ಲ ಅವನು. ಸುನ್ನಿವಾ ಹಿಂಡಿ ಕೊಟ್ಟಿದ್ದ ಹಾಲು, ಬೆಚ್ಚಗೆ ಮಾಡಿದ್ದೆ, ಮಣಿಕಟ್ಟಿನ ಮೇಲೆ ಹನಿಸಿ ನೋಡಿದ್ದೆ. ಎಲ್ಲ ಸರಿಯಿತ್ತು. ಮುಖ ತಿರುಗಿಸಿ ತಿರುಗಿಸಿ ಅತ್ತ. ಅಂಗಿ ಒದ್ದೆಯಾಯಿತು, ಎರಡೂ ಕಡೆ. ಅವನಿಗೆ ವಾಸನೆ ಬಂತು. ನಾನು ಗುಂಡಿ ಬಿಚ್ಚಿದೆನೋ, ಅವನೇ ಹುಡುಕಿಕೊಂಡನೋ... ಸುಳ್ಳು. ನಾನೇ ಬಿಚ್ಚಿದೆ.

ಹನ್ನೆರಡು ನಿಮಿಷ. ಗಡಿಯಾರ ನೋಡುತ್ತಲೇ ಇದ್ದೆ.

ಆಮೇಲೆ ತಂಗಿಯ ಹಾಲನ್ನು ಸಿಂಕಿಗೆ ಸುರಿದೆ. ನೋವು ತಿನ್ನುತ್ತಾ ಅವಳು ಹಿಂಡಿದ್ದು. ಅವಳಿಗೆ ಖಾಲಿ ಬಾಟಲಿ ಕೊಟ್ಟೆ.

"ಎಲ್ಲಾ ಕುಡಿದ್ನಾ? ಪುಂಡ ನನ್ ಮಗ!" ಎಂದು ನಕ್ಕಳು.


ಮಾರ್ಚ್ 31

ದಿನಾ. ಭಾನುವಾರ ಬಿಟ್ಟು — ಅವತ್ತು ಫ್ರೋಡೆ ಮನೆಯಲ್ಲಿರುತ್ತಾನೆ.

ಭಾನುವಾರಗಳು ಉದ್ದ.


ಏಪ್ರಿಲ್ 9, ಗುರುವಾರ

ಈಸ್ಟರ್ ರಜೆ ಮುಗಿದು ಹೆಲ್ತ್ ಸೆಂಟರ್ ತೆರೆಯಿತು. ಸುನ್ನಿವಾ ಜೊತೆ ಹೋದೆ. ಅವಳಿಗೆ ಒಬ್ಬಳೇ ನಡೆಯಲು ಧೈರ್ಯವಿರಲಿಲ್ಲ. ನಾಲ್ಕು ದಿನದಿಂದ, ಹಾಲು ಕುಡಿಸಿ ಮುಗಿದ ಮೇಲೆ ಎದೆಯೊಳಗೆ ಗಾಜಿನ ಚೂರು ತಿರುವಿದ ಹಾಗೆ ಎನ್ನುತ್ತಾಳೆ. ಎಸ್ಪೆನ್ ಎಳೆದು ಬಿಡುವುದು, ಅಳುವುದು, ಮತ್ತೆ ಎಳೆಯುವುದು.

ನರ್ಸ್ ಬೆರಿಟ್. ಅರವತ್ತರ ಮೇಲಾಗಿದೆ, ನಾವಿಬ್ಬರೂ ಹುಟ್ಟಿದಾಗ ತೂಕ ಹಾಕಿದವಳು ಇವಳೇ. ಮಗುವಿನ ಗಲ್ಲ ಒತ್ತಿ ಬಾಯಿ ತೆರೆಸಿದಳು. ಕೆನ್ನೆಯ ಒಳಗೆ, ನಾಲಿಗೆ ಮೇಲೆ ಮೊಸರು ಮೆತ್ತಿದ ಹಾಗೆ ಬಿಳಿ. ಬಟ್ಟೆ ಸುತ್ತಿದ ಬೆರಳಲ್ಲಿ ಒರೆಸಿದಳು. ಹೋಗಲಿಲ್ಲ.

"ಹಾಲಾಗಿದ್ರೆ ಹೋಗ್ತಿತ್ತು. ಇದು ಥ್ರಶ್. ಬೂಷ್ಟಿನ ಸೋಂಕು. ಹೆದರ್ಕೋಬೇಡ, ಆಂಟಿಬಯಾಟಿಕ್ ತಗೊಂಡವರಲ್ಲಿ ಎಷ್ಟೋ ಜನಕ್ಕೆ ಬರುತ್ತೆ. ಅವನ ಬಾಯಿಂದ ನಿನ್ನ ಎದೆಗೆ, ನಿನ್ನ ಎದೆಯಿಂದ ಅವನ ಬಾಯಿಗೆ. ಒಬ್ಬರಿಗೆ ಮದ್ದು ಮಾಡಿ ಇನ್ನೊಬ್ಬರನ್ನ ಬಿಟ್ರೆ ಮುಗೀತು, ಚೆಂಡಾಟ ನಡೀತಾನೇ ಇರುತ್ತೆ."

"ಹಾಲು ನಿಲ್ಲಿಸ್ಬೇಕಾ?"

"ಯಾಕೆ ನಿಲ್ಲಿಸ್ತೀಯಾ? ಕುಡಿಸು. ಅವನಿಗೆ ಹನಿ, ನಿಂಗೆ ಮುಲಾಮು. ಇಬ್ಬರಿಗೂ ಒಂದೇ ದಿನ ಶುರು. ನೋವು ಹೋಯ್ತು ಅಂತ ಮಧ್ಯದಲ್ಲಿ ಬಿಡಬಾರದು."

ಉಳಿದದ್ದನ್ನು ಕಾಗದದ ಮೇಲೆ ಬರೆದುಕೊಟ್ಟಳು. ಚೀಪುವ ರಬ್ಬರು, ಬಾಟಲಿ, ಪಂಪಿನ ಬಿಡಿಭಾಗ ದಿನಾ ಕುದಿಸಬೇಕು. ಟವೆಲ್, ಬ್ರಾ ಬಿಸಿನೀರಲ್ಲಿ ಒಗೆಯಬೇಕು. ಎದೆಗಿಡುವ ಪ್ಯಾಡ್ ಒದ್ದೆಯಾದ ಕೂಡಲೇ ಬದಲಿಸಬೇಕು. ಡೈಪರ್ ಮುಟ್ಟಿದ ಮೇಲೆ, ಕುಡಿಸುವ ಮುಂಚೆ, ಕುಡಿಸಿದ ಮೇಲೆ — ಕೈ. ಈ ದಿನಗಳ ಹಾಲನ್ನು ಫ್ರೀಜರ್‌ನಲ್ಲಿ ಕೂಡಿಡಬಾರದು, ಚಳಿಗೆ ಬೂಷ್ಟು ಸಾಯುವುದಿಲ್ಲ.

"ಅಕ್ಕ ಇದ್ದಾಳಲ್ಲ," ಎಂದಳು ಸುನ್ನಿವಾ. "ವೃದ್ಧಾಶ್ರಮದ ಅಡುಗೆಮನೇಲಿ ಹದಿನಾಲ್ಕು ವರ್ಷ. ಕುದಿಸೋದು, ತೊಳೆಯೋದು ಇವಳಿಗೆ ಯಾರೂ ಹೇಳ್ಕೊಡಬೇಕಿಲ್ಲ."

ಬೆರಿಟ್ ನನ್ನನ್ನು ನೋಡಿ ನಕ್ಕಳು. ಸ್ವೆಟರಿನ ಒಳಗೆ ನನ್ನ ಎರಡೂ ತೊಟ್ಟು ಉರಿಯುತ್ತಿದ್ದವು.

ಮಂಗಳವಾರದಿಂದ ಉರಿ. ಇಷ್ಟು ದಿನ ಬೇರೇನೋ ಅಂದುಕೊಂಡಿದ್ದೆ. ಮಾಡಿದ ತಪ್ಪಿಗೆ ಅಂತ.


ಏಪ್ರಿಲ್ 10. ಸಂಜೆ

ಕನ್ನಡಿಯಲ್ಲಿ ನೋಡಿಕೊಂಡೆ. ತೊಟ್ಟು ಕೆಂಪಗೆ ಮಿನುಗುತ್ತಿದೆ, ಹಿಗ್ಗಿಸಿದ ಚರ್ಮದ ಹಾಗೆ. ಬೆರಿಟ್ ಹೇಳಿದ್ದೆಲ್ಲ ಇದೆ.

ಇನ್ನು ಕುಡಿಸುವುದಿಲ್ಲ. ಇಲ್ಲಿ ಬರೆದಿಡುತ್ತೇನೆ: ಇನ್ನು ಕುಡಿಸುವುದಿಲ್ಲ.

ಯಾರಿಂದ ಯಾರಿಗೆ ಬಂತು? ಸುನ್ನಿವಾಳಿಂದ ಅವನಿಗೆ, ಅವನಿಂದ ನನಗೆ ಇರಬೇಕು. ಗೊತ್ತಿಲ್ಲ. ಗೊತ್ತಾದರೂ ಏನು ಬಂತು.


ಏಪ್ರಿಲ್ 13, ಸೋಮವಾರ

ಔಷಧಿ ಅಂಗಡಿ ಊರಿಗೊಂದೇ. ಕೌಂಟರಿನಲ್ಲಿ ಓಡ್ನಿ. ಮಾರೆನ್‌ಳನ್ನು ಮಣ್ಣು ಮಾಡಿದ ದಿನ ಚರ್ಚಿನಲ್ಲಿ ಹಾಡಿದವಳು. ಬೂಷ್ಟಿಗೆ ಹಚ್ಚುವ ಮುಲಾಮು ಬೇಕು ಎಂದೆ. ಎಲ್ಲಿಗೆ ಎಂದು ಕೇಳಿದಳು. ಕೇಳಲೇಬೇಕು, ಅವಳ ಕೆಲಸ.

"ಆರ್ವಿಡ್ ಕಾಲಿಗೆ," ಎಂದೆ. "ಬೆರಳ ಸಂದಿಗೆ."

"ಹಡಗಿನವರಿಗೆಲ್ಲಾ ಅದೇ ಗೋಳು. ಬೂಟು ಬಿಚ್ಚೋದೇ ಇಲ್ಲ ಮಾರಾಯ್ತಿ."

ಹಚ್ಚಿಕೊಂಡೆ. ಎರಡೇ ದಿನಕ್ಕೆ ಉರಿ ಇಳಿಯುತ್ತದಂತೆ.


ಏಪ್ರಿಲ್ 20

ಎಸ್ಪೆನ್ ಬಾಯಿ ಚೊಕ್ಕಟ ಗುಲಾಬಿ. ಸುನ್ನಿವಾ ಹತ್ತು ದಿನದ ಮೇಲೆ ಅಳದೆ ಕುಡಿಸಿದಳು. ವಾಫಲ್ ಮಾಡಿ, ಮೇಲೆ ಕಂದು ಚೀಸ್ ಹೆರೆದುಕೊಟ್ಟೆ. ನಾಲ್ಕು ತಿಂದಳು.

"ಒಂದು ಕೇಳ್ತೀನಿ, ಆಗಲ್ಲ ಅನ್ನಬಾರ್ದು. ಜೂನ್‌ನಲ್ಲಿ ಇವನಿಗೆ ಜ್ಞಾನಸ್ನಾನ. ಚರ್ಚಲ್ಲಿ ಇವನನ್ನ ನೀನೇ ಎತ್ಕೋಬೇಕು. ಗಾಡ್‌ಮದರ್ ನೀನೇ."

ಆಗಲಿ ಎಂದೆ. ಪಾತ್ರೆ ತೊಳೆಯುವ ನೆವದಲ್ಲಿ ಬೆನ್ನು ತಿರುಗಿಸಿದೆ.

ನನ್ನ ಉರಿಯೂ ಇಲ್ಲ. ಮುಲಾಮು ಮೂರು ದಿನ ಹಚ್ಚಿ ನಿಲ್ಲಿಸಿದ್ದೆ. ಕುಡಿಸುವವಳಲ್ಲವಲ್ಲ, ಇನ್ನೇಕೆ ಎಂದು.


ಏಪ್ರಿಲ್ 23

ಕುಡಿಸಿದೆ.

ಇದರ ಬಗ್ಗೆ ಬರೆಯಲಾರೆ.


ಮೇ 2, ಶನಿವಾರ

ಬಿಳಿ ಮತ್ತೆ ಬಂದಿದೆ. ಕೆನ್ನೆಯ ಎರಡೂ ಬದಿ, ಅಂಗುಳದಲ್ಲೂ.

ಸುನ್ನಿವಾ ಮನೆ ಈಗ ಒಗೆಯುವ ಮನೆಯ ಹಾಗಿದೆ. ಕಿಟಕಿಗಾಜಿನ ಮೇಲೆಲ್ಲ ಹಬೆ. ಒಲೆ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಲೇ ಇರುತ್ತದೆ. ಹಳೆ ಬ್ರಾಗಳನ್ನು ಎಸೆದಿದ್ದಾಳೆ. ಚೀಪುವ ರಬ್ಬರು ಹೊಸದು. ಫ್ರೋಡೆ ತಪ್ಪಿ ಅವಳ ಟವೆಲ್‌ನಲ್ಲಿ ಮುಖ ಒರೆಸಿಕೊಂಡನಂತೆ — ಕಿರುಚಾಡಿದ್ದಾಳೆ. ಅವನು ಕಾರಿನಲ್ಲಿ ಹೋಗಿ ಕುಳಿತಿದ್ದ, ಸಂಜೆ ನಾನು ಹೋದಾಗ.

"ಟೋರಿಲ್, ಅವಳಿಗೆ ಏನಾದ್ರೂ ಹೇಳು," ಎಂದ ಗಾಜು ಇಳಿಸಿ. "ಕೈ ನೋಡಿದ್ಯಾ ಅವಳದ್ದು?"

ನೋಡಿದೆ. ತೊಳೆದು ತೊಳೆದು ಬೆರಳ ಗೆಣ್ಣು ಸೀಳಿ ರಕ್ತ.

"ಬೆರಿಟ್ ಹೇಳಿದ್ದರಲ್ಲಿ ಒಂದೂ ಬಿಟ್ಟಿಲ್ಲ ಕಣೇ. ಒಂದೂ. ಹದಿನಾಲ್ಕು ದಿನ ಎಣಿಸಿ ಹಚ್ಚಿದ್ದೀನಿ. ಮತ್ಯಾಕೆ ಬಂತು? ನನ್ನಲ್ಲೇ ಏನೋ ಇದೆ. ನಾನೇ ಕೊಳಕು. ನನ್ನ ಮಗುಗೆ ನಾನೇ ಉಣಿಸ್ತಿದ್ದೀನಿ ಇದನ್ನ."

ಹಾಗೆಲ್ಲ ಅನ್ನಬೇಡ ಎಂದೆ. ಅವಳ ತಲೆ ಸವರಿದೆ. ಆಮೇಲೆ ಪಾತ್ರೆಯ ಮುಂದೆ ನಿಂತು ಅವಳ ಬಾಟಲಿಗಳನ್ನು ಕುದಿಸಿದೆ. ಇಕ್ಕಳದಲ್ಲಿ ಒಂದೊಂದಾಗಿ ಎತ್ತಿ, ಶುಭ್ರ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಒಂದು ಹನಿ ಕಲೆ ಇಲ್ಲ. ಅಡುಗೆಮನೆಯ ಇನ್‌ಸ್ಪೆಕ್ಟರ್ ಬಂದರೂ ಬೆನ್ನು ತಟ್ಟುತ್ತಿದ್ದ.

ನನ್ನ ಎದೆ ಇವತ್ತು ಮತ್ತೆ ಉರಿಯುತ್ತಿದೆ.


ಮೇ 4

ಬೆರಿಟ್ ಹತ್ತಿರ ಎರಡನೇ ಸಲ. ಹೊಸ ಹನಿ, ಇನ್ನೊಂದು ಮುಲಾಮು. ನಾನು ಒಳಗೆ ಹೋಗಲಿಲ್ಲ. ಹೊರಗೆ ಖಾಲಿ ಗಾಡಿ ಹಿಡಿದು ನಿಂತಿದ್ದೆ.

ಸೋಮವಾರದಿಂದ ಶನಿವಾರದವರೆಗೆ ಬೆಳಗಿನ ಎರಡು ಗಂಟೆ ನನ್ನ ಬಳಿ ಇರುತ್ತಾನೆ. ಕುಡಿಸದಿರಲು ಪ್ರಯತ್ನಿಸುತ್ತೇನೆ. ಮೂರು ದಿನ ಆಗುತ್ತದೆ. ನಾಲ್ಕನೆಯ ದಿನ ಆಗುವುದಿಲ್ಲ. ಬಾಯಿ ನೋಯುವ ಮಗು ಬಾಟಲಿ ತಳ್ಳುತ್ತದೆ. ಹಸಿದು ಅಳುತ್ತದೆ. ಆಗ ಕಾರಣ ಸಿಕ್ಕಂತಾಗುತ್ತದೆ ನನಗೆ.


ಮೇ 8, ಶುಕ್ರವಾರ

ನಿನ್ನೆ ಆರ್ವಿಡ್ ಬಂದ. ಇವತ್ತು ಬೆಳಿಗ್ಗೆ ಪೇಸ್ಟ್, ಬ್ಲೇಡ್ ತರಲು ಔಷಧಿ ಅಂಗಡಿಗೆ ಹೋಗಿದ್ದ. ಬಂದವನು ಜಾಕೆಟ್ ಬಿಚ್ಚಲಿಲ್ಲ, ಬಾಗಿಲಲ್ಲೇ ನಿಂತ.

"ನನ್ನ ಕಾಲಿಗೆ ಏನಾಗಿದೆ?"

"ಏನು?"

"ಓಡ್ನಿ ಕೇಳಿದ್ಲು. ಅಂಗಡಿ ತುಂಬ ಜನ. 'ಬೆರಳ ಸಂದಿ ವಾಸಿಯಾಯ್ತಾ ಆರ್ವಿಡ್, ಬೂಟಿಗೆ ಗಾಳಿ ಕೊಡಪ್ಪಾ' ಅಂತ. ಇಡೀ ಬಂದರಿಗೆ ಗೊತ್ತು ನನ್ನ ಕಾಲು ಕೊಳೆತಿದೆ ಅಂತ. ನಂಗೊಬ್ಬನಿಗೆ ಗೊತ್ತಿಲ್ಲ."

ನಗು ಬಂತು. ನಿಜಕ್ಕೂ ಬಂತು, ಜನವರಿಯಿಂದೀಚೆಗೆ ಮೊದಲ ಸಲ. ಅವನೂ ನಕ್ಕ. ಆಮೇಲೆ ನನ್ನ ನಗು ಬೇರೆಯದಾಯಿತು, ನಿಲ್ಲಿಸಲು ಆಗಲಿಲ್ಲ. ಅವನು ಬಂದು ಅಪ್ಪಿಕೊಂಡ. ಎದೆ ಒತ್ತಿತು. ಕೂಗಿಬಿಟ್ಟೆ.

ಹೇಳಿದೆ. ಪಂಪ್. ಸಿಂಕ್. ಎಸ್ಪೆನ್. ಬಿಳಿ. ಎಲ್ಲ.

ಮೇಜಿನ ಅಂಚು ನೋಡುತ್ತಾ ಕುಳಿತ. ಎಂಜಿನ್ ಕೆಟ್ಟಾಗ ಹೀಗೇ ಕೂರುತ್ತಾನಂತೆ, ಕೈ ಹಾಕುವ ಮುಂಚೆ.

"ನಿಂಗೆ ಅಷ್ಟು ಹಾಲಿತ್ತಾ?" ಎಂದ ಕೊನೆಗೆ. ಕಣ್ಣು ತುಂಬಿತ್ತು. "ಮಾರೆನ್‌ಗೆ ಸಾಕಾಗೋಷ್ಟು?"

"ಸಾಕಾಗಿ ಉಳೀತಿತ್ತು."

ಆಮೇಲೆ ಹೇಳಿದ — "ಸುನ್ನಿವಾಗೆ ಹೇಳು. ನಾನು ಹೇಳಲ್ಲ. ನೀನೇ ಹೇಳ್ಬೇಕು. ಆದ್ರೆ ಹೇಳು."

ಹೇಳುತ್ತೇನೆ ಎಂದೆ.


ಮೇ 11

ಹೇಳಲಿಲ್ಲ. ನೆಗಡಿ ಎಂದು ಮೆಸೇಜ್ ಹಾಕಿ, ಮಗುವನ್ನು ತರಲು ಹೋಗಲಿಲ್ಲ.


ಮೇ 14

ನೆಗಡಿ ಇನ್ನೂ ಇದೆ ಎಂದೆ. ಆರ್ವಿಡ್ ಮಾತಾಡುತ್ತಿಲ್ಲ. ಕೋಪವಲ್ಲ. ಕಾಯುತ್ತಿದ್ದಾನೆ.

ಪಂಪನ್ನು ಕೂಡ ಮುಟ್ಟಿಲ್ಲ, ಎರಡು ದಿನದಿಂದ. ಎದೆ ಕಲ್ಲು.


ಮೇ 17, ಭಾನುವಾರ

ರಾಷ್ಟ್ರೀಯ ದಿನ. ಬಾವುಟ, ಬ್ಯಾಂಡು, ಮಕ್ಕಳ ಮೆರವಣಿಗೆ. ಬಿಸಿಲೂ ಬಂತು, ಬೇಡವಾಗಿದ್ದ ಬಿಸಿಲು. ಹೋಗದಿದ್ದರೆ ಜನ ಕೇಳುತ್ತಾರೆ, ಹೋದೆ.

ಸುನ್ನಿವಾ ಅಜ್ಜಿಯ ಉಣ್ಣೆಯ ಉಡುಪು ಹಾಕಿಕೊಂಡಿದ್ದಳು, ಬೆಳ್ಳಿ ಗುಂಡಿಯದು. ಮೆರವಣಿಗೆ ಅರ್ಧಕ್ಕೆ ಬಂದಾಗ ಕಾಣೆಯಾದಳು. ಚರ್ಚಿನ ಟಾಯ್ಲೆಟ್ಟಿನಲ್ಲಿ ಸಿಕ್ಕಳು. ಎದೆಯ ಕಟ್ಟು ಬಿಚ್ಚಿ, ತಣ್ಣೀರಲ್ಲಿ ನೆನೆಸಿದ ಪೇಪರ್ ಒತ್ತಿಕೊಂಡು ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಹೊರಗೆ ಮಕ್ಕಳು ಹುರ್ರೇ ಎನ್ನುತ್ತಿದ್ದರು.

"ಸಾಕಾಯ್ತು," ಎಂದಳು. "ಮಂಗಳವಾರ ಬೆರಿಟ್ ಹತ್ರ ಹೋಗಿ, ಹಾಲು ನಿಲ್ಲಿಸ್ತೀನಿ ಅಂತ ಹೇಳಿಬಿಡ್ತೀನಿ. ಡಬ್ಬದ ಹಾಲೇ ಕುಡೀಲಿ. ಅವನು ಬಾಯಿ ಹಾಕೋಕೆ ಮುಂಚೆನೇ ನಂಗೆ ಬೆವರು ಬರುತ್ತೆ ಟೋರಿಲ್. ನನ್ನ ಮಗು ಕಂಡ್ರೆ ಭಯ ನಂಗೆ. ಅರ್ಥ ಆಗುತ್ತಾ?"

ಅರ್ಥವಾಯಿತು. ಆದರೆ ಅದಕ್ಕಿಂತ ಮುಂಚೆ, ಒಂದೇ ಒಂದು ಕ್ಷಣ, ಇನ್ನೊಂದು ಯೋಚನೆ ಬಂತು. ಇವಳು ನಿಲ್ಲಿಸಿದರೆ ಹಾಲಿರುವವಳು ನಾನೊಬ್ಬಳೇ.

ಸಂತೋಷವಾಯಿತು. ತಂಗಿ ಗೋಡೆಗೆ ತಲೆ ಕೊಟ್ಟು ಅಳುತ್ತಿದ್ದಾಳೆ, ನನಗೆ ಸಂತೋಷ. ಒಂದು ಉಸಿರಿನಷ್ಟು ಹೊತ್ತು.

ಆ ಕ್ಷಣವೊಂದು ಬರದಿದ್ದರೆ ಹೀಗೇ ನೆಗಡಿ ಹೇಳಿಕೊಂಡಿರುತ್ತಿದ್ದೆನೇನೋ.


ಮೇ 19, ಮಂಗಳವಾರ. ಮಧ್ಯಾಹ್ನ

ನಡೆದ ಹಾಗೇ ಬರೆಯುತ್ತೇನೆ.

ನಾನೂ ಬರ್ತೀನಿ ಎಂದು ಹೋದೆ. ದಾರಿಯಲ್ಲಿ ಹೇಳಬೇಕೆಂದಿತ್ತು. ದಾರಿ ಮುಗಿದುಹೋಯಿತು.

ಬೆರಿಟ್ ಮಗುವಿನ ಬಾಯಿ ನೋಡಿದಳು. ಸುನ್ನಿವಾಳ ಎದೆ ನೋಡಿದಳು. ಅವಳ ಕೈ ಹಿಡಿದು ಬೆರಳ ಸೀಳುಗಳನ್ನು ನೋಡಿ ಕನ್ನಡಕ ತೆಗೆದಳು.

"ಸುನ್ನಿವಾ, ನೀನು ಮಾಡಿದಷ್ಟು ಸರಿಯಾಗಿ ಈ ಊರಲ್ಲಿ ಯಾರೂ ಮಾಡಿಲ್ಲ. ಹಾಗಿದ್ರೂ ಮೂರನೇ ಸಲ ಅಂದ್ರೆ ನಾವು ಒಂದು ಕಡೆ ನೋಡಿಲ್ಲ ಅಂತ. ನಿಧಾನವಾಗಿ ಯೋಚಿಸು. ನಿನ್ನ ಎದೆ ಬಿಟ್ಟು, ಈ ಬಾಯಿ ದಿನಾ ಇನ್ನೇನನ್ನ ಮುಟ್ಟುತ್ತೆ?"

"ರಬ್ಬರು. ಕುದಿಸ್ತೀನಿ. ಬಾಟಲಿ, ಕುದಿಸ್ತೀನಿ. ಫ್ರೋಡೆ ಬೆರಳು — ತೊಳೀದೆ ಮುಟ್ಟೋಕೆ ಬಿಡಲ್ಲ. ಆ ಬಟ್ಟೆ ಮೊಲ, ಅದನ್ನೂ ಒಗೀತೀನಿ. ಇನ್ನೇನಿಲ್ಲ. ಇನ್ನೇನೂ ಇಲ್ಲ!"

"ನನ್ನನ್ನ," ಎಂದೆ.

ಇಬ್ಬರೂ ತಿರುಗಿದರು.

"ಗಲ್ಲಕ್ಕೆ ಮುತ್ತು ಕೊಡೋದಾ? ಅದ್ರಿಂದ ಹಾಗೆಲ್ಲಾ..." ಎಂದು ಸುನ್ನಿವಾ ಬೆರಿಟ್ ಕಡೆ ನೋಡಿದಳು.

"ಮುತ್ತಲ್ಲ. ನಾನು ಹಾಲು ಕುಡಿಸ್ತಿದ್ದೆ. ಮಾರ್ಚ್‌ನಿಂದ. ನಂಗೂ ಇದೆ ಅದು. ನಾನು ಸರಿಯಾಗಿ ಮದ್ದು ಮಾಡ್ಕೊಂಡಿಲ್ಲ."

ಗೋಡೆಯ ತೂಕದ ಚಾರ್ಟು, ಅದರ ಮೇಲೆ ನಗುವ ಮೀನುಗಳು. ಅದನ್ನೇ ನೋಡುತ್ತಿದ್ದೆ.

"ನೀನು..." ಎಂದಳು ಸುನ್ನಿವಾ. "ನಾನು ಹಿಂಡಿ ಕೊಟ್ಟಿದ್ದು?"

"ಚೆಲ್ಲಿದೆ."

"ಚೆಲ್ಲಿದೆ." ಇನ್ನೊಂದು ಸಲ ಅದನ್ನೇ ಹೇಳಿದಳು, ಭಾಷೆ ಬರದವಳ ಹಾಗೆ. "ಹಲ್ಲು ಕಚ್ಕೊಂಡು ಹಿಂಡ್ತಿದ್ದೆ ನಾನು. ನೀನು ಪಕ್ಕದಲ್ಲೇ ಕೂತಿದ್ದೆ. ನಾನು ಕೊಳಕು ಅಂತ ಅತ್ತಾಗ ತಲೆ ಸವರಿದೆಯಲ್ಲೇ. ತಲೆ ಸವರಿದೆ ನೀನು!"

ಏಟು ಹಾಕುತ್ತಾಳೆ ಅಂದುಕೊಂಡೆ. ಹಾಕಿದ್ದರೆ ಚೆನ್ನಾಗಿತ್ತು. ಮಗುವನ್ನು ಎತ್ತಿಕೊಂಡಳು. ಗುಂಡಿ ತಪ್ಪಾಗಿ ಹಾಕಿಕೊಂಡಳು. ಅವನ ಟೋಪಿ ನೆಲಕ್ಕೆ ಬಿತ್ತು. ನಾನು ಬಗ್ಗಿದೆ.

"ಮುಟ್ಟಬೇಡ."

ಹೋದಳು. ಟೋಪಿ ಬೆರಿಟ್ ಎತ್ತಿಕೊಂಡಳು. ಬಾಗಿಲು ಮುಚ್ಚಿ ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು.

"ಅಂಗಿ ಬಿಚ್ಚು, ನೋಡೋಣ."

ನೋಡಿದಳು. ಬೈಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಮೂರು ಜನಕ್ಕೂ ಮದ್ದು ಬರೆಸಿದಳು. "ಇವತ್ತು ಸಂಜೆ ಆರಕ್ಕೆ. ಮೂರೂ ಜನ ಒಟ್ಟಿಗೆ ಶುರು. ಹದಿನಾಲ್ಕು ದಿನ. ಅವಳಿಗೆ ನಾನು ಹೇಳ್ತೀನಿ. ಮಗುಗೆ ಇನ್ನು ನೀನು ಕೊಡಬಾರದು. ಹಾಲನ್ನ ಒಂದೇ ಸಲ ನಿಲ್ಲಿಸಿದ್ರೆ ಗಡ್ಡೆ ಕಟ್ಟುತ್ತೆ. ಹಿಂಡೋದರ ಮಧ್ಯೆ ಹೊತ್ತು ಹೆಚ್ಚಿಸ್ತಾ ಹೋಗು. ಪ್ರತಿ ಸಲ ಪಂಪು ಕುದಿಸು. ತಣ್ಣಗಿನ ಬಟ್ಟೆ ಹಾಕ್ಕೋ."

ತಲೆಯಾಡಿಸಿದೆ.

"ಜನವರಿಯಲ್ಲಿ ನಿಂಗೆ ಯಾರೂ ಹೀಗೆ ಹೇಳಲಿಲ್ಲ ಅಲ್ವಾ?"

"ಮಾತ್ರೆ ಕೊಟ್ರು."

"ಮಗು ಇರೋರಷ್ಟೇ ನನ್ನ ಪಟ್ಟಿಗೆ ಬರ್ತಾರೆ ಟೋರಿಲ್. ನಿನ್ನ ಹೆಸರು ಅಳಿಸಿದ್ದು ನಾನೇ. ಈ ಕೈಯಲ್ಲೇ. ಆಮೇಲೆ ಒಂದು ಸಲ ನಿನ್ನ ಮನೆ ಬಾಗಿಲು ತಟ್ಟಬಹುದಾಗಿತ್ತು." ಎದ್ದು ಕಿಟಕಿಯ ಬಳಿ ಹೋದಳು. "ತಟ್ಟಲಿಲ್ಲ."


ಮೇ 20

ಸುನ್ನಿವಾಳಿಂದ ಮೆಸೇಜ್. ಸಂಜೆ 6.00.

"ದಿನ 2. ಹಚ್ಚಿದ್ಯಾ?"

"ಹಚ್ಚಿದೆ."

ಬೇರೇನೂ ಇಲ್ಲ.


ಮೇ 24

"ದಿನ 6. ಹಚ್ಚಿದ್ಯಾ? ಟವೆಲ್?"

"ಹಚ್ಚಿದೆ. ಬಿಸಿನೀರಲ್ಲಿ ಒಗೆದೆ."

ಪ್ರತಿದಿನ ಆರಕ್ಕೆ. ಐದೂವರೆಯಿಂದಲೇ ಫೋನ್ ಎದುರು ಕೂರುತ್ತೇನೆ. ಆರ್ವಿಡ್ ಅಡುಗೆ ಮಾಡುತ್ತಾನೆ, ಮೀನು, ಆಲೂಗಡ್ಡೆ, ಮೀನು. ಏನೂ ಕೇಳುವುದಿಲ್ಲ. ಎದೆಗೆ ಇಡುವ ತಣ್ಣನೆ ಬಟ್ಟೆ ಫ್ರಿಜ್ಜಿನಿಂದ ತೆಗೆದುಕೊಡುತ್ತಾನೆ.

ಹಾಲು ದಿನಕ್ಕೆ ಎರಡು ಸಲ ಮಾತ್ರ ಈಗ. ಕಡಿಮೆಯಾಗುತ್ತಿದೆ.


ಮೇ 28

ಒಂದು ಸಲ. ಎರಡು ಚಮಚ.


ಜೂನ್ 1. ಸಂಜೆ 6.05

"ದಿನ 14. ಮುಗೀತು. ಎಸ್ಪೆನ್ ಬಾಯಿ ಕ್ಲೀನ್. ನಂಗೂ ನೋವಿಲ್ಲ. ನಿಂಗೆ?"

"ಇಲ್ಲ."

ಅವಳು ಟೈಪ್ ಮಾಡುತ್ತಿರುವುದು ಕಾಣಿಸಿತು. ನಿಂತಿತು. ಮತ್ತೆ ಕಾಣಿಸಿತು. ನಿಂತಿತು.


ಜೂನ್ 2. ಸಂಜೆ

ಆರು ಗಂಟೆ. ಮೆಸೇಜ್ ಇಲ್ಲ. ಇರಲು ಕಾರಣವೂ ಇಲ್ಲ.


ಜೂನ್ 14, ಭಾನುವಾರ

ಜ್ಞಾನಸ್ನಾನ. ಕರೆದಿರಲಿಲ್ಲ. ಆದರೆ ಚರ್ಚಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಕೊನೆಯ ಬೆಂಚಿನಲ್ಲಿ ಕುಳಿತೆವು, ಆರ್ವಿಡ್ ಮತ್ತು ನಾನು. ಎಸ್ಪೆನ್‌ನನ್ನು ಫ್ರೋಡೆಯ ಅಕ್ಕ ಎತ್ತಿಕೊಂಡಿದ್ದಳು. ಮಗುವಿನ ಉದ್ದನೆಯ ಬಿಳಿ ಅಂಗಿ ಅವಳ ಮೊಣಕಾಲಿನವರೆಗೆ ಇಳಿಬಿದ್ದಿತ್ತು. ನೀರು ಹಾಕಿದಾಗ ಜೋರಾಗಿ ಅತ್ತ. ಬಾಯಿ ಅಗಲಕ್ಕೆ ತೆರೆದು. ಅಷ್ಟು ದೂರದಿಂದಲೂ ಇಣುಕಿ ನೋಡಿದೆ — ಗುಲಾಬಿ.

ಆ ಅಳುವಿಗೆ ನನ್ನ ಎದೆ ಒದ್ದೆಯಾಗುತ್ತದೆಂದು ಕೈ ಕಟ್ಟಿಕೊಂಡಿದ್ದೆ. ಆಗಲಿಲ್ಲ. ಒಣಗಿತ್ತು.

ಕಾಫಿಗೆ ನಿಲ್ಲದೆ ಬಂದೆವು. ಮಾರೆನ್ ಇರುವ ಜಾಗಕ್ಕೆ ಹೋಗಿ ಹುಲ್ಲು ಕಿತ್ತೆ. ಮನೆಗೆ ಬಂದು ಪಂಪನ್ನು ಪೆಟ್ಟಿಗೆಗೆ ಹಾಕಿದೆ. ಆರ್ವಿಡ್ ಅಟ್ಟಕ್ಕೇರಿಸಿದ. ಅವನು ಕೆಳಗಿಳಿಯುವವರೆಗೆ ಏಣಿ ಹಿಡಿದುಕೊಂಡು ಅತ್ತೆ. ಎರಡನೇ ಸಲ ಮಣ್ಣು ಮಾಡಿದ ಹಾಗಾಯಿತು.


ಜುಲೈ 3, ಶುಕ್ರವಾರ. ಮಧ್ಯಾಹ್ನ

ಆರ್ವಿಡ್ ನಿನ್ನೆ ಹಡಗಿಗೆ ಹೋದ. ಸೋಮವಾರದಿಂದ ನಾನೂ ಕೆಲಸಕ್ಕೆ.

ಮಹಡಿ ಕೋಣೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಇಷ್ಟು ಬರೆಯದೆ ಕೆಳಗೆ ಇಳಿಯಲಾರೆ. ಸುನ್ನಿವಾ ಕೆಳಗಿದ್ದಾಳೆ.

ಅರ್ಧ ಗಂಟೆ ಮುಂಚೆ ಬೆಲ್ ಆಯಿತು. ಗಾಡಿ ಹಿಡಿದು ನಿಂತಿದ್ದಳು.

"ಸಿಟ್ಟು ಹೋಗಿಲ್ಲ," ಎಂದಳು, ನಮಸ್ಕಾರವೂ ಇಲ್ಲದೆ. "ಹೋಗುತ್ತೋ ಇಲ್ವೋ ಗೊತ್ತಿಲ್ಲ. ಇವನನ್ನ ನಿನ್ನ ಹತ್ರ ಒಬ್ಬನನ್ನೇ ಬಿಡಲ್ಲ. ಅದನ್ನ ಕೇಳಬೇಡ."

ಕೇಳಲ್ಲ ಎಂದೆ.

"ನಾನು ಬೇರೆ ಒಂದು ಹೇಳೋಕೆ ಬಂದೆ."

ಒಳಗೆ ಬಂದು ಕೂತಳು. ಕಾಫಿ ಬಗ್ಗಿಸಿದೆ. ಕುಡಿಯಲಿಲ್ಲ.

"ಮಾರೆನ್ ಹುಟ್ಟಿದಾಗ ಆಸ್ಪತ್ರೆಗೆ ಬರಲಿಲ್ಲ ನಾನು. ಎರಡು ದಿನ ಅವಳನ್ನ ನಿನ್ನ ಪಕ್ಕ ಮಲಗಿಸಿದ್ರು, ಎಲ್ಲರೂ ಬಂದ್ರು. ನಾನು ಬರಲಿಲ್ಲ. ರಸ್ತೆ ಜಾರುತ್ತೆ ಅಂತ ಹೇಳಿದೆ ನಿಂಗೆ."

"ಜಾರ್ತಿತ್ತು."

"ಇಲ್ಲ ಕಣೇ. ಬಸ್ಸು ಓಡಾಡ್ತಿತ್ತು. ನನ್ನ ಹೊಟ್ಟೇಲಿ ಇವನಿದ್ದ. ಆ ಕೋಣೆಗೆ ಬಂದ್ರೆ, ಅವಳನ್ನ ನೋಡಿದ್ರೆ... ಅಂಟುತ್ತೇನೋ ಅಂತ ಹೆದರಿದೆ. ನಿಂದು ನಂಗೆ ಅಂಟುತ್ತೇನೋ ಅಂತ." ಮುಖ ಮುಚ್ಚಿಕೊಂಡಳು. "ಮಣ್ಣು ಮಾಡೋ ದಿನಾನೂ ಚರ್ಚಿನ ಬಾಗಿಲ ಹತ್ರಾನೇ ನಿಂತಿದ್ದೆ. ನೀನು ನನ್ನ ಮಗುನ ಎತ್ಕೊಂಡು ದಿನಾ ನಡೆದೆ. ನಾನು ನಿನ್ನ ಮಗು ಮುಖ ಕೂಡ ನೋಡಿಲ್ಲ."

ಈ ಮಾತನ್ನು ನಾನು ಈ ಪುಸ್ತಕದಲ್ಲಿ ಒಂದು ಸಲವೂ ಬರೆದಿಲ್ಲ. ಅವಳು ಬರಲಿಲ್ಲ ಎಂಬುದನ್ನು. ಇಷ್ಟು ತಿಂಗಳು. ನನಗೇ ಹೇಳಿಕೊಂಡಿರಲಿಲ್ಲ.

ಹೊರಗೆ ಎಸ್ಪೆನ್ ಎದ್ದ. ನಾನು ಕುರ್ಚಿಯಿಂದ ಏಳಲಿಲ್ಲ, ಕೈ ತೊಡೆಯ ಕೆಳಗೆ ಇಟ್ಟುಕೊಂಡೆ. ಅವಳು ತಂದಳು. ದಪ್ಪಗಾಗಿದ್ದಾನೆ. ನನ್ನನ್ನು ನೋಡಿ ನಕ್ಕ, ಯಾರನ್ನು ನೋಡಿದರೂ ನಗುವ ನಗು. ಅವಳು ಸಿಂಕಿನಲ್ಲಿ ಕೈ ತೊಳೆದು, ನನ್ನ ಅಡುಗೆಮನೆಯ ಕುರ್ಚಿಯಲ್ಲೇ ಕೂತು, ಕುಡಿಸಲು ಶುರು ಮಾಡಿದಳು. ಮುಖ ಕಿವುಚಲಿಲ್ಲ. ಭುಜ ಸಡಿಲವಾಗಿತ್ತು.

"ಫೋಟೋ ತೆಗ್ದಿದ್ರಲ್ಲ ಆಸ್ಪತ್ರೇಲಿ," ಎಂದಳು ತಲೆ ಎತ್ತದೆ. "ತೋರಿಸ್ತೀಯಾ?"

ಹುಡುಕಲು ಮೇಲೆ ಬಂದೆ. ಕಪಾಟಿನ ಮೇಲ್ತಟ್ಟಿನಲ್ಲಿತ್ತು. ಲಕೋಟೆಯನ್ನು ಆರ್ವಿಡ್ ಟೇಪ್ ಹಾಕಿ ಮುಚ್ಚಿದ್ದ, ಬಿಚ್ಚಿದೆ. ಒಂಬತ್ತು ಫೋಟೋ. ನಾನೂ ಇವತ್ತೇ ನೋಡುತ್ತಿರುವುದು. ಮಾರೆನ್ ತುಟಿ ನಮ್ಮ ಅಮ್ಮನದು, ಅಂದರೆ ಸುನ್ನಿವಾಳದೂ ಹೌದು. ಕೂದಲು ಇಷ್ಟಿತ್ತೆಂದು ಮರೆತೇಹೋಗಿತ್ತು.

"ಟೋರಿಲ್! ಸಿಕ್ತಾ?"

ಸಿಕ್ಕಿತು ಎಂದು ಕೂಗಿ ಹೇಳಿದೆ. ಮೊದಲು ಯಾವುದನ್ನು ಕೊಡಲಿ ಅವಳ ಕೈಗೆ — ಕಂಬಳಿ ಸುತ್ತಿದ್ದೋ, ಆರ್ವಿಡ್ ಬೆರಳು ಮಾರೆನ್ ಅಂಗೈಯಲ್ಲಿ ಇರುವುದೋ, ಅಥವಾ ಈ ಮುಖ ಪೂರ್ತಿ ಕಾಣುವುದೋ? ಮುಖದ್ದನ್ನೇ ಕೊಡುತ್ತೇನೆ, ಇಳಿಯುತ್ತಿದ್ದೇನೆ.